ಒಂದು ಚಾಪೆಯಷ್ಟು ಜಾಗ

ಹೋದ ವಾರ ಅಟ್ಟದ ಮೇಲಿಂದ ಅದನ್ನು ಇಳಿಸಿ ಲಾಡಿ ಬಿಚ್ಚಿದ ಕೂಡಲೇ ಹೊಸ ರೇನ್‌ಕೋಟಿನ ವಾಸನೆ ಬಂತು. ಶಾಲೆ ಶುರುವಾಗುವ ಜೂನ್ ತಿಂಗಳ ವಾಸನೆ. ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತಳಾದ ನನಗೆ ಈಗಲೂ ಆ ವಾಸನೆ ಬಡಿದರೆ ಕೈ ಹಾಜರಿ ಪುಸ್ತಕ ಹುಡುಕುತ್ತದೆ. ಆದರೆ ಇದು ರೇನ್‌ಕೋಟಲ್ಲ, ಚಾಪೆ. ಟೆಂಟಿನಲ್ಲಿ ಮಲಗುವವರು ಹಾಸಿಕೊಳ್ಳುವ, ತನ್ನಷ್ಟಕ್ಕೆ ತಾನೇ ಗಾಳಿ ತುಂಬಿಕೊಳ್ಳುವ ಚಾಪೆ. ಮೂಲೆಯಲ್ಲಿರುವ ಬಿರಡೆ ತಿರುಗಿಸಿ ಬಿಟ್ಟರೆ ಒಳಗಿನ ಸ್ಪಂಜು ಹಿಗ್ಗಿ, ಗಾಳಿ ಎಳೆದುಕೊಂಡು, ಮೂರು ಬೆರಳು ದಪ್ಪ ಎದ್ದು ಕೂರಬೇಕು. ನಾನು ಬಿರಡೆ ತಿರುಗಿಸಿದೆ. ಕಾಫಿ ಮಾಡಿಕೊಂಡು ಬಂದೆ, ಕುಡಿದೆ, ಲೋಟ ತೊಳೆದಿಟ್ಟೆ. ಚಾಪೆ ಮಾತ್ರ ಊಟವಾದ ಮೇಲಿನ ಪೀರಿಯಡ್ಡಿನ ಹುಡುಗರ ಹಾಗೆ ನೆಲಕ್ಕೆ ಅಂಟಿಕೊಂಡೇ ಇತ್ತು.

ಅರವತ್ತು ದಾಟಿದ ಹೆಂಗಸಿಗೆ ಟೆಂಟಿನ ಸಹವಾಸ ಯಾಕೆ ಎಂದು ನೀವು ಕೇಳುವುದಿಲ್ಲ, ನಿಮ್ಮ ಮೇಲೆ ನನಗೆ ಆ ನಂಬಿಕೆ ಇದೆ. ಉಳಿದವರೆಲ್ಲ ಕೇಳಿ ಆಗಿದೆ. ಪುಟ್ಟೇನಹಳ್ಳಿ ಕೆರೆ ಸುತ್ತ ಬೆಳಿಗ್ಗೆ ನಡೆಯುವ ನಾವು ಐದು ಜನ ಹೆಂಗಸರು ಕನಕಪುರದ ಆಚೆ ಪರಿಚಯದವರ ಮಾವಿನ ತೋಪಿನಲ್ಲಿ ಎರಡು ದಿನ ಟೆಂಟು ಹಾಕಿಕೊಂಡು ಇರುವುದೆಂದು ತೀರ್ಮಾನ ಮಾಡಿದೆವು. ಹಿಮಾಲಯದ ಮೂರು ಶ್ರೇಣಿಗಳನ್ನು ಕಪ್ಪು ಹಲಗೆಯ ಮೇಲೆ ಮೂವತ್ತು ಸಲ ಬರೆದು ಮೂವತ್ತು ಸಲ ಅಳಿಸಿದವಳು ನಾನು. ಒಂದು ಮಾವಿನ ತೋಪಿನಲ್ಲಾದರೂ ನೆಲದ ಮೇಲೆ ಮಲಗಿ ನೋಡಬಾರದೇ?

ಚಾಪೆ ಕೊಳ್ಳಲು ಜಯನಗರದ ಒಂದು ಅಂಗಡಿಗೆ ಹೋಗಿದ್ದೆ. ಬೆಟ್ಟ ಹತ್ತುವವರಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ. ಚಾಪೆಗಳ ಮುಂದೆ ನಾನು ಕಣ್ಣು ಕಣ್ಣು ಬಿಡುತ್ತಿದ್ದುದನ್ನು ನೋಡಿ ಅಲ್ಲಿ ಕೆಲಸ ಮಾಡುವ ಶಿವಲೀಲಾ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಹುಬ್ಬಳ್ಳಿ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದಾಳಂತೆ. ವಾಷಿಂಗ್ ಮೆಷೀನಿನ ಕೆಳಗೆ ಹಾಕುವ ಹಾಳೆಯಂಥದೊಂದನ್ನು ತೋರಿಸಿದಳು. ಅದು ಹರಿಯುವುದಿಲ್ಲ, ಒಡೆಯುವುದಿಲ್ಲ, ಆದರೆ ನನ್ನ ಸೊಂಟ ಒಡೆಯುತ್ತದೆ. ಬಾಯಿಂದ ಊದುವ ಇನ್ನೊಂದು ಹಗುರ, ಆದರೆ ಊದಿ ಮುಗಿಸುವ ಹೊತ್ತಿಗೆ ನನ್ನನ್ನೇ ಎತ್ತಿ ಮಲಗಿಸಬೇಕಾದೀತು. ಕೊನೆಗೆ ಇದಕ್ಕೆ ಬಂದೆವು. ಇದರಲ್ಲೂ ತೆಳ್ಳಗಿನದು, ದಪ್ಪನೆಯದು, ಅಗಲದ್ದು, ಕಿರಿದು ಎಂದು ಹತ್ತು ಬಗೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ನೀವು ಹ್ಯಾಂಗ ಮಲಗತೀರಿ ಅಕ್ಕಾರ, ಅಂಗಾತನೋ ಮಗ್ಗಲಾಗಿನೋ?"

ಮದುವೆಯಾಗಿ ಮೂವತ್ತೈದು ವರ್ಷವಾಯಿತು. ನೀನು ಹೇಗೆ ಮಲಗುತ್ತೀಯ ಎಂದು ಯಾರೂ ಕೇಳಿದ್ದಿಲ್ಲ. ಎಷ್ಟು ಹೊತ್ತಿಗೆ ಏಳುತ್ತೀಯ ಎಂದು ಕೇಳಿದವರುಂಟು. ಮಗ್ಗುಲಾಗಿ, ಕಾಲು ಮಡಚಿಕೊಂಡು ಎಂದೆ. ಹಾಗಿದ್ದರೆ ಸೊಂಟದ ಮೂಳೆ ನೆಲಕ್ಕೆ ತಾಗದಷ್ಟು ದಪ್ಪದ್ದೇ ಬೇಕು, ನೆಲ ಗಟ್ಟಿ ಇರುವುದಕ್ಕಿಂತ ಅದರ ಥಂಡಿಯೇ ಹೆಚ್ಚು ಕಾಡುತ್ತದೆ, ಎರಡು ಕಿಲೋ ತೂಕ ಹೆಚ್ಚಾದರೂ ಪರವಾಗಿಲ್ಲ, ನೀವೇನು ಹೊತ್ತುಕೊಂಡು ಬೆಟ್ಟ ಹತ್ತುವುದಿಲ್ಲವಲ್ಲ ಎಂದು ವಿವರಿಸಿದಳು. ಆಮೇಲೆ ಒಂದನ್ನು ಅಲ್ಲೇ ಹಾಸಿ, ಮಲಗಿ ನೋಡಿ ಎಂದಳು. ನಾನು ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು ಅಂಗಡಿಯ ನಟ್ಟನಡುವೆ ಮಲಗಿಯೇ ಬಿಟ್ಟೆ. ಬೂಟು ನೋಡುತ್ತಿದ್ದ ಒಬ್ಬ ಹಿರಿಯರು ಯಾರಿಗೋ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ತರಲು ಹೇಳಿದರು. ಏನೂ ಆಗಿಲ್ಲ, ಆರಾಮಾಗಿದ್ದೇನೆ ಎಂದೆ. ಅಗತ್ಯಕ್ಕಿಂತ ಐದು ನಿಮಿಷ ಹೆಚ್ಚೇ ಮಲಗಿದೆ.

ಮನೆಯಲ್ಲಿ ನಮ್ಮ ಯಜಮಾನರು ಅದನ್ನು ತಿರುವಿ ಮುರುವಿ ನೋಡಿದರು. ಮಂಚ ಇದೆ, ಹಾಸಿಗೆ ಇದೆ, ಇಷ್ಟೆಲ್ಲ ಇರುವಾಗ ನೆಲದ ಮೇಲೆ ಮಲಗಲು ಅಂಗಡಿಗೆ ಹೋಗಿ ಬಂದೆಯಲ್ಲ ಎಂದು ನಕ್ಕರು. ಕೆಟ್ಟವರಲ್ಲ ಅವರು. ನಗುವುದು ಅವರ ಬಿ.ಪಿ.ಗೂ ಒಳ್ಳೆಯದೇ. ಅಷ್ಟರಲ್ಲಿ ಮಳೆ ಹಿಡಿದು ತೋಪಿನ ಕಾರ್ಯಕ್ರಮ ಎರಡು ತಿಂಗಳು ಮುಂದೆ ಹೋಯಿತು. ನಾನು ಚಾಪೆಯ ಗಾಳಿಯನ್ನೆಲ್ಲ ಮೊಣಕಾಲಿನಿಂದ ಒತ್ತಿ ತೆಗೆದು, ಬಿಗಿಯಾಗಿ ಸುತ್ತಿ, ಬಿರಡೆ ಮುಚ್ಚಿ, ಅದರದೇ ಪಟ್ಟಿ ಸಾಲದೆಂದು ಹಳೆಯ ಪೆಟಿಕೋಟಿನ ಲಾಡಿಯಿಂದ ಎರಡು ಗಂಟು ಹಾಕಿ ಅಟ್ಟಕ್ಕೇರಿಸಿದ್ದೆ. ಚಾಪೆ ಸುತ್ತುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಎರಡೂ ಕುಟುಂಬಗಳಲ್ಲಿ ಇಲ್ಲ. ಮದುವೆಮನೆಗಳಲ್ಲಿ ಜಮಖಾನ ಸುತ್ತಲು ನನ್ನನ್ನೇ ಕರೆಯುತ್ತಾರೆ.

ಈಗ ಅದು ಗಾಳಿ ತೆಗೆದುಕೊಳ್ಳದೆ ಬಿದ್ದಿರುವುದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಮತ್ತೆ ಲಾಡಿ ಕಟ್ಟಿ, ಆಟೋ ಹಿಡಿದು, ಜಗಳದ ಮಾತುಗಳನ್ನು ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಷ್ಟೂ ಹೊತ್ತು ಜೋಡಿಸಿಕೊಂಡು ಅಂಗಡಿಗೆ ಹೋದೆ. ಆ ಸಿಗ್ನಲ್ಲಿನಲ್ಲಿ ಎಷ್ಟು ದೊಡ್ಡ ಭಾಷಣವನ್ನಾದರೂ ಸಿದ್ಧ ಮಾಡಬಹುದು. ಶಿವಲೀಲಾ ನನ್ನ ಭಾಷಣ ಪೂರ್ತಿ ಕೇಳಿ, ಲಾಡಿಯ ಗಂಟು ಬಿಚ್ಚಲು ಹೋಗಿ, ಉಗುರು ನೋವಾಗಿ ಕೈ ಬಿಟ್ಟಳು. ಕೊನೆಗೆ ನಾನೇ ಬಿಚ್ಚಿಕೊಟ್ಟೆ.

"ಅಕ್ಕಾರ, ಇದನ್ನ ಮನ್ಯಾಗ ಸುತ್ತಿ ಇಡಬಾರದ್ರಿ. ಹಾಸಿ, ಬಾಯಿ ತಗದ ಬಿಡಬೇಕು. ಸುತ್ತೇ ಇಟ್ರ ಒಳಗಿನ ಸ್ಪಂಜು ಏಳೂದನ್ನ ಮರೀತೈತಿ." ಆಮೇಲೆ ನಗುತ್ತಾ ಕೇಳಿದಳು, "ಇಷ್ಟು ಬಿಗಿ ಸುತ್ತೂದು ಯಾರು ಕಲಿಸ್ಯಾರ ನಿಮಗ?"

ಅವಳು ಸುಮ್ಮನೆ ಕೇಳಿದ್ದು. ಯಾರು ಕಲಿಸಿದ್ದೆಂದು ನನಗೆ ಚೆನ್ನಾಗಿ ಗೊತ್ತು. ಎಂದು, ಯಾವ ರೂಮಿನಲ್ಲಿ ಎನ್ನುವುದೂ ಗೊತ್ತು. ನಲವತ್ತು ವರ್ಷಕ್ಕೂ ಮಿಕ್ಕಿ ಅದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನನ್ನ ತವರು ಸಾರಕ್ಕಿ. ಲೇಔಟುಗಳು ಬರುವ ಮೊದಲು ನಮ್ಮದು ರಾಗಿ ಹೊಲ, ಎರಡು ಎಮ್ಮೆ, ಹೆಂಚಿನ ಮನೆ. ಆ ಮನೆಯಲ್ಲಿ ಸಣ್ಣತ್ತೆ ಇದ್ದಳು, ಅಪ್ಪನ ತಂಗಿ. ಗಂಡ ಇನ್ನೊಬ್ಬಳನ್ನು ತಂದು ಇಟ್ಟುಕೊಂಡಾಗ ಒಂದು ಟ್ರಂಕು, ಒಂದು ಚಾಪೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು. ಎಮ್ಮೆ ಕರೆಯುವುದು, ಮುದ್ದೆ ತೊಳಸುವುದು, ನಮ್ಮ ತಲೆ ಬಾಚುವುದು ಎಲ್ಲವೂ ಅವಳೇ. ಮಲಗುವುದಕ್ಕೆ ಮಾತ್ರ ಅವಳಿಗೆ ಇಂಥದೇ ಅಂತ ಜಾಗ ಇರಲಿಲ್ಲ. ಒಂದು ದಿನ ರಾಗಿ ಮೂಟೆಗಳ ಪಕ್ಕ, ಒಂದು ದಿನ ನಡುಮನೆಯಲ್ಲಿ, ನೆಂಟರು ಬಂದರೆ ಜಗಲಿಯಲ್ಲಿ. ನಾವು ಏಳುವ ಮೊದಲೇ ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿಬಿಡುತ್ತಿದ್ದಳು. ಬೆಳಕು ಹರಿದ ಮೇಲೆ ಹಾಸಿದ ಚಾಪೆ ಹಾಗೇ ಇದ್ದರೆ ಮನೆಗೆ ಒಳ್ಳೆಯದಲ್ಲ, ಕಾಯಿಲೆಯವರಿರುವ ಮನೆಯಲ್ಲಿ ಮಾತ್ರ ಹಾಗಿರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಹಗಲಿನಲ್ಲಿ ನೋಡಿದರೆ ಅವಳು ಆ ಮನೆಯಲ್ಲಿ ಎಲ್ಲಿ ಮಲಗುತ್ತಾಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಲ ಹೋಯಿತು, ದುಡ್ಡು ಬಂತು. ಅಪ್ಪ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಕೆಳಗೆ ನಾವು, ಮೇಲೆ ಮತ್ತು ಹಿಂದೆ ಬಾಡಿಗೆಗೆ. ಗೊತ್ತಿಲ್ಲದ ಊರುಗಳಿಂದ ಬರುವ, ಇನ್ನೂ ಮುಖ ನೋಡದ ಜನಕ್ಕೆಲ್ಲ ರೂಮು ಕಟ್ಟಿಸಿದರು. ಸಣ್ಣತ್ತೆಗೆ ಎಲ್ಲಿ ಎಂದು ಮೇಸ್ತ್ರಿ ಕೇಳಿದ್ದನಂತೆ. ಅವಳಿಗೇನು, ಒಂದು ಚಾಪೆಯಷ್ಟು ಜಾಗ ಸಾಕು ಎಂದು ಅಪ್ಪ ಹೇಳಿದರಂತೆ. ಕ್ರೂರವಾಗಿ ಹೇಳಿದ ಮಾತಲ್ಲ ಅದು. ತಂಗಿ ಆಸೆಬುರುಕಿಯಲ್ಲ ಎಂಬ ಮೆಚ್ಚುಗೆಯೂ ಅದರಲ್ಲಿತ್ತು. ಅದೇ ನನಗೆ ಈಗ ಹೆಚ್ಚು ಸಿಟ್ಟು ತರಿಸುತ್ತದೆ.

ಹಿಂದಿನ ಸಾಲಿನ ಕೊನೆಯ ರೂಮಿಗೆ ಮೂರು ತಿಂಗಳು ಬಾಡಿಗೆದಾರರು ಸಿಗಲಿಲ್ಲ. ಸಣ್ಣತ್ತೆ ಅಲ್ಲಿ ಮಲಗತೊಡಗಿದಳು. ಕಿಟಕಿಗೆ ಹಳೇ ಸೀರೆ ಹರಿದು ಪರದೆ ಕಟ್ಟಿದಳು. ಗೂಡಿನಲ್ಲಿ ಕುಂಕುಮದ ಭರಣಿ, ಬಾಚಣಿಗೆ ಬಂದವು. ನನಗಾಗ ಹತ್ತೊಂಬತ್ತು, ಕಾಲೇಜು ಓದುತ್ತಿದ್ದೆ, ಸಮಾನತೆಯ ಮೇಲೆ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಮಾಡಿದವಳು ಏನೂ ತಿಳಿಯದ ಮಗುವಲ್ಲ ಎಂದು ನಿಮಗೆ ಗೊತ್ತಿರಲಿ.

ಒಂದು ಭಾನುವಾರ ಹತ್ತು ಗಂಟೆಗೆ ರೂಮು ನೋಡಲು ಗಂಡ ಹೆಂಡತಿ ಬಂದರು. ಅಪ್ಪ ಬಾಗಿಲು ತೆಗೆದರೆ, ಹಾಡುಹಗಲಲ್ಲಿ ಚಾಪೆ ಹಾಸಿದ ಹಾಗೇ ಇತ್ತು, ಅದರ ಮೇಲೆ ಸಣ್ಣತ್ತೆ ಕೂತಿದ್ದಳು. ಯಾವತ್ತೂ ಎದುರಾಡದವಳು ಅಪ್ಪನ ಮುಖ ನೋಡಿ, "ಇದು ನನ್ಗಿರ್ಲಿ ಕಣಣ್ಣ" ಎಂದಳು.

ಅಪ್ಪ ನನ್ನ ಕಡೆ ತಿರುಗಿ, ಹೋಗಿ ಆ ಚಾಪೆ ಸುತ್ತಮ್ಮ, ಬಂದವರು ಕಾಯುತ್ತಿದ್ದಾರೆ ಎಂದರು. ನಾನು ಹೋದೆ. ಚಾಪೆಯ ಒಂದು ತುದಿ ಹಿಡಿದೆ. ಇಷ್ಟೇ ನಾನು ಮಾಡಿದ್ದು, ಕೂಗಾಡಲಿಲ್ಲ, ಎಳೆಯಲಿಲ್ಲ, ತುದಿ ಹಿಡಿದು ನಿಂತೆ. ಸಣ್ಣತ್ತೆ ನನ್ನನ್ನು ಒಂದು ಗಳಿಗೆ ನೋಡಿ ಎದ್ದಳು. ನಾನು ಸುತ್ತಲು ಹೋದರೆ ಚಾಪೆ ಸೊಟ್ಟಗೆ ಸುತ್ತಿಕೊಂಡಿತು. ಅವಳೇ ಕೂತು, ಇನ್ನೊಂದು ತುದಿಯನ್ನು ನೇರ ಮಾಡಿ ಕೊಟ್ಟಳು.

"ಬಿಗಿಯಾಗಿ ಸುತ್ತು ಮಗ. ಸಡ್ಲ ಬಿಟ್ರೆ ಬಿಚ್ಕತದೆ."

ಅಂದಿನಿಂದ ನಾನು ಬಿಗಿಯಾಗಿಯೇ ಸುತ್ತುತ್ತಿದ್ದೇನೆ. ರೂಮು ಬಾಡಿಗೆಗೆ ಹೋಯಿತು, ಸಣ್ಣತ್ತೆ ಮೆಟ್ಟಿಲ ಕೆಳಗಿನ ಸಂದಿಗೆ ಹೋದಳು. ಇನ್ನೂ ಒಂಬತ್ತು ವರ್ಷ ಬದುಕಿದ್ದಳು. ನನ್ನ ಬಾಣಂತನ ಅವಳೇ ಮಾಡಿದಳು. ಆ ರೂಮಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸು ಅನ್ನುವುದಕ್ಕೆ ಒಂಬತ್ತು ವರ್ಷ ಕಡಿಮೆಯೇನಲ್ಲ. ಅವಳು ಸತ್ತಾಗ ರೂಢಿಯಂತೆ ಅವಳ ಚಾಪೆಯನ್ನೂ ಹೊರಗೆ ಹಾಕಿದರು. ಅದನ್ನು ಸುತ್ತಿ ಕೊಟ್ಟವಳೂ ನಾನೇ.

ಶಿವಲೀಲಾಳಿಗೆ ಇದನ್ನೆಲ್ಲ ಹೇಳಲಿಲ್ಲ. ನಮ್ಮ ಅತ್ತೆ ಕಲಿಸಿದ್ದು ಎಂದೆ. ಅವಳು ಚಾಪೆಗೆ ಎರಡು ಸಲ ಬಾಯಿಂದ ಊದಿ, ನಾಲ್ಕು ದಿನ ಬಿರಡೆ ತೆಗೆದು ಹಾಸಿ ಬಿಡಿ, ನಿಧಾನಕ್ಕೆ ಏಳುತ್ತದೆ, ತುಳಿಯುವ ಜಾಗದಲ್ಲಿ ಮಾತ್ರ ಹಾಕಬೇಡಿ ಎಂದು ಹೇಳಿ ಕಳಿಸಿದಳು.

ತುಳಿಯದ ಜಾಗ ಎಂದರೆ ನಮ್ಮ ಮನೆಯಲ್ಲಿ ಮಹಡಿಯ ಮೇಲಿನ ರೂಮೊಂದೇ. ಮಗಳು ಮದುವೆಯಾಗಿ ಗಿರಿನಗರಕ್ಕೆ ಹೋದ ಮೇಲೆ ಅದು ಖಾಲಿ. ಹೊರಗಿನಿಂದಲೇ ಮೆಟ್ಟಿಲಿರುವುದರಿಂದ ಬಾಡಿಗೆಗೆ ಕೊಡೋಣವೆಂದು ಯಜಮಾನರು ಬ್ರೋಕರಿಗೆ ಹೇಳಿದ್ದರು. ನಾನೂ ಹೂಂ ಅಂದಿದ್ದೆ, ಹೂಂ ಅನ್ನುವುದು ನನಗೆ ಅಷ್ಟು ಅಭ್ಯಾಸ. ಅಲ್ಲಿ ಕಿಟಕಿಯ ಪಕ್ಕ ಚಾಪೆ ಹಾಸಿದೆ. ಮಾರನೆಯ ದಿನ ಹೋಗಿ ನೋಡಿದರೆ ಒಂದು ಬೆರಳು ಎದ್ದಿತ್ತು. ಮೂರನೆಯ ದಿನ ಅದರ ಪಕ್ಕ ನನ್ನ ಕನ್ನಡಕ, ಎರಡು ಪುಸ್ತಕ, ಒಂದು ನೀರಿನ ಬಾಟಲಿ ಸೇರಿದವು. ನಾನೇ ತಂದಿಟ್ಟಿದ್ದೆ, ಆದರೂ ನೋಡಿ ನನಗೇ ಆಶ್ಚರ್ಯವಾಯಿತು. ಹಗಲು ಹೊತ್ತು ಚಾಪೆ ಹಾಗೇ ಬಿಡಬಾರದು ಕಣೇ, ಸುತ್ತಿಡು ಎಂದು ಯಜಮಾನರು ಎರಡು ಸಲ ಹೇಳಿದರು. ಸುತ್ತಿದರೆ ಅದು ಏಳುವುದನ್ನು ಮರೆಯುತ್ತದಂತೆ ಎಂದು ಎರಡು ಸಲವೂ ಹೇಳಿದೆ.

ನಿನ್ನೆ ಭಾನುವಾರ. ಊಟವಾದ ಮೇಲೆ ಚಾಪೆಯ ಮೇಲೆ ಮಗ್ಗುಲಾಗಿದ್ದೆ. ಹೊರಗಿನ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಯಜಮಾನರು, ಅವರ ಹಿಂದೆ ಬ್ರೋಕರು, ಅವನ ಹಿಂದೆ ರೂಮು ನೋಡಲು ಬಂದ ಒಬ್ಬರು. ಬರುವುದನ್ನು ಹೇಳಲು ಮರೆತಿದ್ದರಂತೆ. ಬಾಗಿಲಲ್ಲಿ ನಿಂತು ಇವರು ಮೆಲ್ಲಗೆ, "ಏಳೇ, ಅದನ್ನ ಸ್ವಲ್ಪ ಸುತ್ತು" ಎಂದರು.

ಎದ್ದು ಕೂತೆ. ಕೈ ತನ್ನಷ್ಟಕ್ಕೆ ಚಾಪೆಯ ತುದಿಗೆ ಹೋಗಿ ಅದನ್ನು ಹಿಡಿದೂ ಬಿಟ್ಟಿತ್ತು. ಆ ತುದಿಯನ್ನು ಕೆಳಗೆ ಬಿಟ್ಟು, ಬಂದವರಿಗೆ, ತೊಂದರೆ ಕೊಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಸಾರ್, ಈ ರೂಮು ಬಾಡಿಗೆಗಿಲ್ಲ, ಹಿಂದಿನ ರಸ್ತೆಯಲ್ಲಿ ಒಂದು ಖಾಲಿ ಇದೆ ಎಂದೆ. ಅವರು ಒಳ್ಳೆಯವರು, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು. ಬ್ರೋಕರು ಇಳಿಯುತ್ತಾ ಎರಡು ಸಲ ತಿರುಗಿ ನೋಡಿದ.

ಇವರು ಮಾತ್ರ ನಿಂತೇ ಇದ್ದರು. ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಿತ್ತು ಆ ಮುಖದಲ್ಲಿ.

"ಒಂದು ಚಾಪೆಗೆ ಒಂದು ರೂಮೇನೇ?"

"ಹೌದು ರೀ. ಒಂದು ಚಾಪೆಗೆ ಒಂದು ರೂಮು."

ಶುಕ್ರವಾರ ಬೆಳಿಗ್ಗೆ ನಾವು ಐದು ಜನ ತೋಪಿಗೆ ಹೊರಡುತ್ತೇವೆ. ಹೊರಡುವಾಗ ಚಾಪೆಯನ್ನು ಸುತ್ತಬೇಕಾಗುತ್ತದೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಸಡಿಲವಾಗಿ ಸುತ್ತುತ್ತೇನೆ. ಬಂದು ಮತ್ತೆ ಇಲ್ಲೇ, ಈ ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲೇ ಹಾಸುತ್ತೇನೆ. ಇದನ್ನು ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ. ಈಗ ಪೂರ್ತಿ ಮೂರು ಬೆರಳು ಎದ್ದಿದೆ. ಸ್ವಲ್ಪ ಹೊತ್ತಿನ ಹಿಂದೆ ಇವರು ಕಾಫಿ ತಂದುಕೊಟ್ಟರು. ಕಿಟಕಿಯ ಹತ್ತಿರ ಬರಬೇಕಾದರೆ ಚಾಪೆ ಅಡ್ಡ ಇತ್ತು. ಸುತ್ತು ಎನ್ನಲಿಲ್ಲ. ಲೋಟ ಹಿಡಿದುಕೊಂಡು ಗೋಡೆಯ ಪಕ್ಕದಿಂದ ಬಳಸಿಕೊಂಡು ಬಂದರು.