ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ ನೀಲಕ್ಕ

ನೀಲಕ್ಕ ಕಣ್ಣು ಮುಚ್ಚಿಕೊಂಡೇ ಟೈಪ್ ಮಾಡುತ್ತಿದ್ದರು. ಕಿವಿಗೆ ಹೆಡ್‌ಫೋನ್, ಪಾದದಡಿ ದನಿಯನ್ನು ನಿಲ್ಲಿಸಿ ಓಡಿಸುವ ಪೆಡಲ್, ಹಣೆಯ ಮೇಲೆ ಮೂರೆಳೆ ವಿಭೂತಿ. ಪೂಜೆಗೆ ಕೂತವರು ಹಾಗೇ ಮೈಮರೆತಂತೆ ಕಾಣುತ್ತಿತ್ತು. ಬೆರಳುಗಳು ಮಾತ್ರ ಓಡುತ್ತಲೇ ಇರುತ್ತಿದ್ದವು.

ಹೈದರಾಬಾದಿನಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು. ಪರದೇಶದ ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ್ದನ್ನು ನಾವು ಸಿಕಂದರಾಬಾದಿನ ಒಂದು ಮಹಡಿಯಲ್ಲಿ ಕೂತು ಟೈಪ್ ಮಾಡಿ ಕಳಿಸುತ್ತಿದ್ದೆವು. ಅಲ್ಲಿ ಅವರು ನಿದ್ದೆಯಲ್ಲಿರುವಾಗ ಅವರ ದನಿ ಇಲ್ಲಿ ನಮ್ಮ ಹಗಲಿನೊಳಗೆ ಗುನುಗುತ್ತಿತ್ತು. ನೀಲಕ್ಕ ವಿಜಾಪುರದ ಕಡೆ ನರ್ಸ್ ಆಗಿದ್ದವರು, ಗಂಡನಿಗೆ ನಾಚಾರಂ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಬಂದವರು. ಮೈಸೂರಿನಿಂದ ಬಂದಿದ್ದ ನನ್ನಂಥ ಹುಡುಗರಿಗೆ ಶವಪರೀಕ್ಷೆಯ ಫೈಲೆಂದರೆ ಹೆದರಿಕೆ, ಹಾಗಾಗಿ ಅವೆಲ್ಲ ಅಕ್ಕನ ಪಾಲಿಗೆ.

ಫೈಲಿನಲ್ಲಿ ಸತ್ತವರ ಹೆಸರಿರುತ್ತಿರಲಿಲ್ಲ, ನಂಬರಷ್ಟೇ. ಊಟದ ಹೊತ್ತಿಗೆ ಅಕ್ಕ ರೊಟ್ಟಿಯ ಚೂರೊಂದನ್ನು ಮುರಿದು ಕಿಟಕಿಯಲ್ಲಿಟ್ಟು, ಇದು ಅವರ ಎಡೆ ಎನ್ನುತ್ತಿದ್ದರು.

“ಪರದೇಶದವರಿಗೆ ಜೋಳದ ರೊಟ್ಟಿ ಸೇರುತ್ತಾ ಅಕ್ಕ?” ಎಂದು ಛೇಡಿಸುತ್ತಿದ್ದೆ.

“ಹಸಿವಿಗೆ ರುಚಿ ಇಲ್ಲ, ನಿದ್ದಿಗೆ ಸುಖ ಇಲ್ಲ. ತಿಂತಾರ ಬಿಡೋ ತಮ್ಮಾ.”

ಒಂದು ಮಧ್ಯಾಹ್ನ ಅಕ್ಕ ಕೆಲಸದ ನಡುವೆ ಕಣ್ಣು ತೆರೆದರು. ಅದೇ ಒಂದು ವಿಚಿತ್ರ.

“ತಮ್ಮಾ, ಇಕಿ ನಾಕನೇ ಹೆಣ್ಮಗಳು. ಕುತ್ತಿಗಿ ಮ್ಯಾಲೆ ಹೆಬ್ಬೆಟ್ಟಿನ ಗುರ್ತು ಅದಾವ. ಒಂದು ದೊಡ್ಡ ಕೈಯದು, ಒಂದು ಭಾಳ ಸಣ್ಣ ಕೈಯದು. ಹಿಂದಿನ ಮೂವರಿಗೂ ಹಿಂಗ ಇತ್ತು. ಕೊಲ್ಲಾಕತ್ತೋರು ಇಬ್ರು ಅದಾರ.”

ನಾಲ್ಕು ಫೈಲೂ ಬೇರೆ ಬೇರೆ ಊರಿನವು, ಡಾಕ್ಟರುಗಳೂ ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿರಲಿಲ್ಲ. ನಾಲ್ಕೂ ಬಂದು ಬಿದ್ದದ್ದು ಈ ಒಂದು ಜೊತೆ ಕಿವಿಗೆ.

ಕೇಳಿದ್ದನ್ನಷ್ಟೇ ಬರೆಯಬೇಕು, ಒಂದು ಅಕ್ಷರ ಸೇರಿಸಬಾರದು ಎಂಬುದು ನಮ್ಮ ಕಸುಬಿನ ನಿಯಮ. ಮಾತು ಸರಿಯಾಗಿ ಕೇಳಿಸದಿದ್ದರೆ ಮಾತ್ರ ಕೊನೆಯಲ್ಲಿ ಡಾಕ್ಟರಿಗೆ ಒಂದು ಸಾಲಿನ ಪ್ರಶ್ನೆ ಹಾಕಬಹುದು. ಅಕ್ಕ ಆ ಜಾಗದಲ್ಲಿ ಹಿಂದಿನ ಮೂವರ ನಂಬರು ಬರೆದು, ‘ಇವನ್ನೂ ಜೊತೆಗಿಟ್ಟು ನೋಡಿ, ಕೈ ಇಬ್ಬರದು’ ಎಂದು ಸೇರಿಸಿದರು. ಆ ಫೈಲನ್ನು ತಿದ್ದಿ ಕಳಿಸಬೇಕಾದವನು ನಾನು.

“ಇದನ್ನ ಅಳಸಬ್ಯಾಡೋ. ಐದನೇದಾಕಿ ಇನ್ನೂ ಬದುಕ್ಯಾಳ. ಎಲ್ಲೋ ಕುಂತು ಉಣ್ಣಾಕತ್ತಿರಬೇಕು.”

“ಆಯ್ತಕ್ಕ” ಎಂದೆ. ಹಿಂದಿನ ವಾರವಷ್ಟೇ ಒಂದು ವಾಕ್ಯ ಹೆಚ್ಚಿಗೆ ಬರೆದ ಹುಡುಗಿಯನ್ನು ಮನೆಗೆ ಕಳಿಸಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಕ್ಕ ನಾಚಾರಂ ಬಸ್ಸಿಗೆ ಹೋದ ಮೇಲೆ ಆ ಸಾಲನ್ನು ಅಳಿಸಿ ಕಳಿಸಿದೆ.

ತಿಂಗಳು ಕಳೆಯುವಷ್ಟರಲ್ಲಿ ಐದನೆಯ ಫೈಲು ಬಂತು. ಕೆಲಸ ಹಂಚುವವನೂ ನಾನೇ ಆಗಿದ್ದರಿಂದ ಅಕ್ಕನಿಗೆ ಕೊಡಲಿಲ್ಲ. ನಾನೇ ಟೈಪ್ ಮಾಡಿದೆ. ದೊಡ್ಡ ಕೈ, ಸಣ್ಣ ಕೈ. ಹಗಲೆಲ್ಲ ನೀರಿನೊಳಗೆ ಕೂತವನ ಹಾಗೆ ಇದ್ದೆ.

ಆಮೇಲೆ ಪೇಪರಿನಲ್ಲಿ ಬಂತು: ಆ ದೇಶದಲ್ಲಿ ಊರೂರು ತಿರುಗಿ ಹೆಂಗಸರನ್ನು ಕೊಲ್ಲುತ್ತಿದ್ದ ಗಂಡ ಹೆಂಡತಿ ಸಿಕ್ಕಿಬಿದ್ದಿದ್ದರು. ಎಷ್ಟು ಜನ ಸತ್ತರೆಂದು ಬರೆದಿರಲಿಲ್ಲ. ಅಕ್ಕ ಅಂದು ಎಲ್ಲರ ಕೈಗೂ ಶೇಂಗಾ ಉಂಡೆ ಕೊಟ್ಟರು. ನಾನೂ ತಿಂದೆ, ನಾಚಿಕೆಗೆಟ್ಟವನು.

ಕೊನೆಯ ಸಲ ಅವರು ಸಿಕ್ಕಿದ್ದು ನಾಲ್ಕು ವರ್ಷದ ಮೇಲೆ, ಕೋಠಿಯ ಔಷಧಿ ಅಂಗಡಿಯಲ್ಲಿ. ಕಿವಿ ಮಂದವಾಗಿ ಕೆಲಸ ಬಿಟ್ಟಿದ್ದರು. ಜೊತೆಗಿದ್ದ ಗಂಡನಿಗೆ ನನ್ನನ್ನು ತೋರಿಸಿ, “ಇವನ ನೋಡ್ರಿ ಆ ತಮ್ಮ. ಒಂದು ಜೀವ ಉಳಿಸ್ಯಾನ” ಎಂದರು. ಅವರ ಗಂಡ ನನಗೆ ಕೈ ಮುಗಿದರು.

ಅಕ್ಕ ನನ್ನ ತೋಳು ಹಿಡಿದುಕೊಂಡು ಕೇಳಿದರು, “ಐದನೇದಾಕಿಗೆ ಈಗ ಎಷ್ಟು ವಯಸ್ಸಾಗಿರಬೇಕೋ?”

ಫೈಲಿನಲ್ಲಿ ಇಪ್ಪತ್ತೆಂಟು ಎಂದಿತ್ತು.

“ಮೂವತ್ತೆರಡು ಅಕ್ಕ” ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.