ಗೋಡೆಗೆ ಮುಖ ಮಾಡಿ ಆಡಿದ ಮಾತು

ನನಗೆ ಮಲಯಾಳ ಕಲಿಸಿದವರು ಕುಡುಕರು. ಕುಡಿತ ಬಿಡಲು ಒದ್ದಾಡುತ್ತಿದ್ದ ಕುಡುಕರು ಎಂದರೆ ಸರಿಯಾದೀತು. ಹೀಗಾಗಿ ಬದನೆಕಾಯಿಗೆ, ಬಾಚಣಿಗೆಗೆ ಆ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ತಿಳಿಯುವ ಮೊದಲೇ ನಾಚಿಕೆಗೆ, ವಾಂತಿಗೆ, ಆಣೆಗೆ ಏನೆನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಮಾನಂತವಾಡಿಯ ಅಂಗಡಿಯೊಂದರಲ್ಲಿ ನನ್ನ ಕೈತಪ್ಪಿ ಬೆಲ್ಲದ ಅಚ್ಚು ಕೆಳಗೆ ಬಿತ್ತು. ಗಾಬರಿಯಲ್ಲಿ, 'ದೇವರಾಣೆ, ಇನ್ನು ಮುಟ್ಟುವುದಿಲ್ಲ, ಇದೊಂದು ಸಲ ನಂಬಿ' ಎಂದು ಶುದ್ಧ ಮಲಯಾಳದಲ್ಲಿ ಒಪ್ಪಿಸಿಬಿಟ್ಟೆ. ಅಂಗಡಿಯವನು ತಕ್ಕಡಿ ಕೆಳಗಿಟ್ಟು ನಕ್ಕ.

ನಾವು ಹೆಗ್ಗಡದೇವನಕೋಟೆ ಕಡೆಯವರು. ಅಲ್ಲಿ ನನ್ನ ಯಜಮಾನರ ಪಾಲಿಗೆ ಬಂದ ಹೊಲ ಒಂದು ಕಣದಷ್ಟಿತ್ತು. ವಯನಾಡಿನಲ್ಲಿ ಕಾಡು ಸವರಿದವನಿಗೆ ನೆಲ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ತಿರುವಾಂಕೂರಿನಿಂದ ಕ್ರೈಸ್ತರು ಗುಂಪುಗುಂಪಾಗಿ ಬಂದು ಗುಡ್ಡಗಳಲ್ಲಿ ಮರಗೆಣಸು ಹಾಕುತ್ತಿದ್ದರು. ನಮ್ಮವರೂ ಕಾಡು ದಾಟಿ ಪಯ್ಯಂಪಳ್ಳಿ ಹತ್ತಿರ ಒಂದು ತುಂಡು ನೆಲ ಹಿಡಿದು, ಒಂದು ಗುಡಿಸಲು ಕಟ್ಟಿ, ಆಮೇಲೆ ನನ್ನನ್ನು ಕರೆದುಕೊಂಡು ಬಂದರು. ಸುತ್ತ ಕನ್ನಡ ಆಡುವವರು ಯಾರೂ ಇರಲಿಲ್ಲ. ಬತ್ತೇರಿಗೆ ಹೋದರೆ ಮೈಸೂರು ಕಡೆಯ ವ್ಯಾಪಾರಿಗಳ ಬಾಯಲ್ಲಿ ನಾಲ್ಕು ಮಾತು ಕೇಳಬಹುದಿತ್ತು, ಆದರೆ ಬತ್ತೇರಿಗೆ ದಿನಾ ಹೋಗುವವರು ಯಾರು?

ಆಗ ಎಲ್ಲರೂ ಮಜ್ಜಿಗೆಹುಲ್ಲು ಬೆಳೆಯುತ್ತಿದ್ದರು. ಹುಲ್ಲನ್ನು ತಾಮ್ರದ ದೊಡ್ಡ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ತಣಿಸಿ, ಎಣ್ಣೆ ಇಳಿಸುವುದು. ನಮ್ಮವರಿಗೆ ಆ ಕೆಲಸ ಬೇಗ ಕೈಹತ್ತಿತು. ಅವರ ಅಂಗಿ, ಕೂದಲು, ಕೊನೆಗೆ ನಮ್ಮ ಕಂಬಳಿ ಕೂಡ ನಿಂಬೆಯ ವಾಸನೆ ಹೊಡೆಯುತ್ತಿತ್ತು. ಆದರೆ ಎಣ್ಣೆ ಇಳಿಯುವ ಹಂಡೆಯಲ್ಲಿ ಚಾರಾಯವೂ, ಅಂದರೆ ನಮ್ಮ ಕಡೆಯ ಸಾರಾಯಿಯೂ, ಇಳಿಯುತ್ತದೆ. ಹಗಲು ಎಣ್ಣೆ, ಸಂಜೆ ಚಾರಾಯ. ಇಳಿಸುವವನು ರುಚಿ ನೋಡದೆ ಇರುತ್ತಾನೆಯೇ? ನೋಡಿದರು. ನೋಡುತ್ತಲೇ ಹೋದರು. ಅವರು ಹೊಡೆಯುವ, ಬಯ್ಯುವ ಕುಡುಕರಾಗಿರಲಿಲ್ಲ. ಬಂದವರೇ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಬಯ್ದಿದ್ದರೆ ಕನ್ನಡದಲ್ಲಿ ಬಯ್ಯುತ್ತಿದ್ದರಲ್ಲ, ಅದಾದರೂ ಕಿವಿಗೆ ಬೀಳುತ್ತಿತ್ತಲ್ಲ ಎಂದು ನಾನು ಎಷ್ಟೋ ಸಂಜೆ ಅಂದುಕೊಂಡಿದ್ದೇನೆ.

ಇಗರ್ಜಿಯ ಅಚ್ಚನ್, ಅಂದರೆ ಪಾದ್ರಿಗಳು, ವಯಸ್ಸಾದವರು. ಕುಡಿತ ಬಿಡಬೇಕೆನ್ನುವವರನ್ನು ಭಾನುವಾರ ಮಧ್ಯಾಹ್ನ ಶಾಲೆಯ ಹಂಚಿನ ಕೊಟ್ಟಿಗೆಯಲ್ಲಿ ಸೇರಿಸುತ್ತಿದ್ದರು. ಯಾವ ಜಾತಿ, ಯಾವ ದೇವರು ಎಂದು ಕೇಳುತ್ತಿರಲಿಲ್ಲ. ಒಂದೇ ಕಟ್ಟಳೆ: ಬರುವವನು ತನ್ನ ಮನೆಯಿಂದ ಒಬ್ಬರನ್ನು ಜೊತೆಗೆ ಕರೆತರಬೇಕು. ಹೀಗೆ ಒಂದು ಭಾನುವಾರ ನಮ್ಮವರ ಹಿಂದೆ ನಾನೂ ಹೋದೆ. ಹಂಡೆಯಲ್ಲಿ ನಮ್ಮವರ ಜೊತೆ ಪಾಲಿದ್ದವನೊಬ್ಬನಿದ್ದ, ಅವನೇ ಅವರನ್ನು ಅಲ್ಲಿಗೆ ಎಳೆದದ್ದು. ಅವನು ಕುಡಿತ ಬಿಟ್ಟು, ಹಂಡೆಯನ್ನು ಕೊಟ್ಟಿಗೆಗೇ ಕೊಟ್ಟುಬಿಟ್ಟಿದ್ದ. ಅದರಲ್ಲೇ ಎಲ್ಲರಿಗೂ ಕಟ್ಟನ್ ಕಾಪಿ ಕಾಯುತ್ತಿತ್ತು. ಹಂಡೆಯನ್ನು ಎಷ್ಟು ತಿಕ್ಕಿದರೂ ಹಾಲಿಲ್ಲದ ಆ ಕಾಫಿಯನ್ನು ಮಜ್ಜಿಗೆಹುಲ್ಲಿನ ಘಮಲು ಬಿಡುತ್ತಿರಲಿಲ್ಲ.

ಅಲ್ಲಿನ ಪದ್ಧತಿ ಬೇರೆಲ್ಲೂ ನಾನು ಕಂಡದ್ದಲ್ಲ. ಮೊದಮೊದಲು ಬಂದವನೊಬ್ಬ ಎದುರಿಗೆ ಕೂತ ತಾಯಿಯ ಮುಖ ನೋಡಿ ಒಂದು ಮಾತೂ ಹೊರಡದೆ ನಿಂತುಬಿಟ್ಟನಂತೆ. 'ಗೋಡೆಗೆ ಹೇಳು ಮಗನೇ' ಎಂದು ಅಚ್ಚನ್ ಅವನನ್ನು ಹಿಂದೆ ತಿರುಗಿಸಿದರಂತೆ. ಅಂದಿನಿಂದ ಎಲ್ಲರೂ ಗೋಡೆಗೆ ಮುಖ ಮಾಡಿಯೇ ಮಾತಾಡುವುದು. ಮನೆಯವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕು, ಬಾಯಿ ತೆರೆಯಬಾರದು. ಆ ಮೊದಲನೆಯವನ ತಾಯಿ ಮಾತ್ರ ಮಗ ಸುಳ್ಳು ಹೇಳಿದಾಗಲೆಲ್ಲ ಕೆಮ್ಮುತ್ತಿದ್ದಳು. ಕೆಮ್ಮಿಗೆ ಕಟ್ಟಳೆ ಇರಲಿಲ್ಲ. ನಾಟಿಯಿಂದ ಹಿಡಿದು ಪುತ್ತರಿಯವರೆಗೆ, ಹೊಸ ಅಕ್ಕಿ ಮನೆಗೆ ಬರುವವರೆಗೆ, ಮುಟ್ಟದೆ ಇದ್ದವನಿಗೆ ಪುತ್ತರಿ ಕಳೆದ ಭಾನುವಾರ 'ತಿರುಗುವುದು' ಇರುತ್ತಿತ್ತು. ಆ ದಿನ ಅವನು ಗೋಡೆ ಬಿಟ್ಟು ತನ್ನವರ ಕಡೆ ತಿರುಗಿ, ಮುಖ ನೋಡಿ ಮಾತಾಡಬೇಕು. ಆಮೇಲೆ ಅವನು ಗೋಡೆಗೆ ಹೋಗುವಂತಿಲ್ಲ. ಹೊಸಬರಿಗೆ ಕಾಫಿ ಕೊಡುವವನಾಗುತ್ತಾನೆ.

ನಮ್ಮವರು ಕೆಲವು ವಾರ ಗೋಡೆಯ ಮುಂದೆ ಸುಮ್ಮನೆ ನಿಂತು ಬಂದರು. ಒಂದು ದಿನ ಮಾತಾಡಿದರು, ಮಲಯಾಳದಲ್ಲಿ. ಅರ್ಧ ನನಗೆ ತಿಳಿಯಲಿಲ್ಲ. ತಿಳಿದ ಅರ್ಧ ಇಷ್ಟು. ಇಲ್ಲಿ ಹರಿಯುವ ಹೊಳೆ ಇಳಿಯುತ್ತಾ ಇಳಿಯುತ್ತಾ ನಮ್ಮೂರಿಗೇ ಹೋಗುತ್ತದೆ, ಸಂಜೆ ದಡದಲ್ಲಿ ನಿಂತರೆ ಅದರ ಜೊತೆ ಹೋಗಿಬಿಡೋಣ ಅನ್ನಿಸುತ್ತದೆ, ಕುಡಿದರೆ ಅನ್ನಿಸುವುದಿಲ್ಲ, ಎಂದರು. ಊರಿನ ಮಾತೆತ್ತಿದರೆ ಎದ್ದು ಹೊರಗೆ ನಡೆಯುತ್ತಿದ್ದ ಮನುಷ್ಯ! ಊರು ನೆನೆದು ಸೆರಗಲ್ಲಿ ಮುಖ ಮುಚ್ಚಿಕೊಳ್ಳುವವಳು ನಾನೊಬ್ಬಳೇ ಎಂದು ನಾನು ತಿಳಿದಿದ್ದೆ. ಆ ಕ್ಷಣ ಎದ್ದುಹೋಗಿ ಅವರ ಅಂಗಿ ಹಿಡಿದು ಎಳೆಯಬೇಕು ಅನ್ನಿಸಿತು. ಬೆಂಚು ಹಿಡಿದು ಕೂತೆ.

ಮನೆಗೆ ಬಂದಮೇಲೆ, 'ಅಲ್ಲಿ ಅಂದದ್ದ ಇಲ್ಲೂ ಒಂದ್ಸಲ ಯೋಳಬಾರ್ದಾ, ನಮ್ಮ ಮಾತ್ನಲ್ಲಿ?' ಎಂದು ಕೇಳಿದೆ.

'ಅಲ್ಲೇ ಕೇಳುಸ್ಕಂಡ್ಯಲ್ಲ ಕನಮ್ಮಿ. ಮುದ್ದೆ ಹಾಕು' ಎಂದರು.

ಅಲ್ಲಿಗೆ ಮುಗಿಯಿತು. ಆ ಮೇಲೆ ನನಗೆ ಭಾನುವಾರದ ಹುಚ್ಚು ಹಿಡಿಯಿತು. ಮಲಯಾಳವನ್ನು ಹಟಕ್ಕೆ ಬಿದ್ದು ಕಲಿತೆ. ಒಂದು ಮಾತೂ ತಪ್ಪಿಹೋಗಬಾರದು. ವಾರವಿಡೀ ಮೂಗನಂತೆ ಇರುವ ಗಂಡಸಿನ ಬೆನ್ನು ಅಲ್ಲಿ ಮಾತಾಡುತ್ತಿತ್ತು. ಬಿಳಿ ಅಂಗಿಯ ಆ ಬೆನ್ನು, ಮಾತು ಕಷ್ಟವಾದಾಗ ಮೇಲೇಳುತ್ತಿದ್ದ ಬಲಗಡೆಯ ಹೆಗಲು. ಅವರ ಮುಖಕ್ಕಿಂತ ಆ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ.

ಮೊದಲ ವರ್ಷ ಕೊಯ್ಲಿನ ಹೊತ್ತಿಗೆ ಜಾರಿದರು. ಕೊಯ್ಲು ಮುಗಿದ ಗದ್ದೆಯಲ್ಲಿ ಚಾರಾಯ ಇಲ್ಲದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಮರುದಿನ ಬಾಗಿಲು ಮುಚ್ಚಿ ಮಲಗಿದವರು ಏಳಲಿಲ್ಲ. ಭಾನುವಾರ ಬೆಳಿಗ್ಗೆ ಹಂಡೆಯ ಪಾಲುದಾರ ಬಂದ. ಜಾರಿದ ವಿಷಯ ಎತ್ತಲೇ ಇಲ್ಲ. ನಮ್ಮ ಮೆಣಸಿನ ಬಳ್ಳಿ ನೋಡಿದ, ಚೆನ್ನಾಗಿದೆ ಎಂದ, ನಾನು ಕೊಟ್ಟ ಕಾಫಿ ಕುಡಿದ, 'ಹೊರಡೋಣವಾ?' ಎಂದ. ಇವರು ಎದ್ದು ಅಂಗಿ ಹಾಕಿಕೊಂಡರು. ನನ್ನ ಕಣ್ಣೀರಿನಿಂದಾಗದ ಕೆಲಸ ಅದು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಮುಂದಿನ ವರ್ಷ ಇವರು ಬೇರೆಯವರ ಗದ್ದೆಯ ಕೊಯ್ಲಿಗೆ ಹೋಗಲೇ ಇಲ್ಲ. ಪುತ್ತರಿ ಬಂತು. ಹೊಸ ಅಕ್ಕಿಯ ಪಾಯಸ ಮಾಡಿದೆ. ಪಾಯಸ ಕಲಕುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಭಾನುವಾರ ಇವರು ತಿರುಗುತ್ತಾರೆ. ನನ್ನ ಮುಖ ನೋಡುತ್ತಾರೆ. ಮುಖ ನೋಡಿ ಮಲಯಾಳ ಆಡಲು ಇವರಿಂದ ಆಗುತ್ತದೆಯೇ? ಕನ್ನಡದಲ್ಲೇ ಆಡಬೇಕು. ಇಷ್ಟು ದಿನ ಗೋಡೆಗೆ ಹೇಳಿದ್ದೆಲ್ಲ ನನಗೆ, ನನ್ನ ಭಾಷೆಯಲ್ಲಿ. ಮದುವೆಯ ಸೀರೆ ಉಟ್ಟುಕೊಂಡೆ. ಇವರು ನೋಡಿಯೂ ನೋಡದಂತೆ ಚಪ್ಪಲಿ ಮೆಟ್ಟಿದರು.

ಕೊಟ್ಟಿಗೆ ತುಂಬಿತ್ತು. ಅಚ್ಚನ್ ಕರೆದರು. ಇವರು ಎದ್ದು ನಿಂತು, ಅಭ್ಯಾಸಬಲದಿಂದ ಮೊದಲು ಗೋಡೆಯ ಕಡೆಗೇ ಹೋದರು. ಜನ ನಕ್ಕರು. ಆಮೇಲೆ ತಿರುಗಿದರು. ನನ್ನನ್ನು ನೋಡಿದರು. ಬಲಹೆಗಲು ಮೇಲೆದ್ದಿತು, ಇಳಿಯಿತು. ಬಾಯಿ ತೆರೆದರು, ಮುಚ್ಚಿದರು. ಹಂಚಿನ ಸಂದಿನಿಂದ ಬಿಸಿಲು ನನ್ನ ಕಣ್ಣಿಗೇ ಬೀಳುತ್ತಿತ್ತು, ನಾನು ಕಿರುಗಣ್ಣು ಮಾಡಿಕೊಂಡು ಕಾಯುತ್ತಿದ್ದೆ.

'ಬಿಸ್ಲು ಬೀಳ್ತಾ ಅದೆ ಕನಮ್ಮಿ, ಈ ಕಡಿಕ್ಕೆ ಜರುಗಿ ಕೂತ್ಕೊ' ಎಂದರು. ಎಂದು ತಲೆ ತಗ್ಗಿಸಿದರು.

ಅಷ್ಟೇ. ಅಷ್ಟು ಭಾನುವಾರ ಕಾದದ್ದು ಅಷ್ಟಕ್ಕೆ. ನಾನು ಜರುಗಿ ಕೂತೆ. ಅಲ್ಲಿದ್ದ ಯಾರಿಗೂ ಕನ್ನಡ ಬಾರದು. ಏನೋ ದೊಡ್ಡ ಮಾತೇ ಆಯಿತು ಎಂದು ಎಲ್ಲರ ಕಣ್ಣೂ ನನ್ನ ಮೇಲೆ. ಅಚ್ಚನ್ ಮೆಲ್ಲಗೆ ಕೇಳಿದರು, 'ಎಂದಾ ಮೋಳೇ ಅವನ್ ಪರಞ್ಞದ್?' ಏನಂದ ಮಗಳೇ ಅವನು?

ಬಾಯಿ ತೆರೆಯಬಾರದೆಂಬ ಕಟ್ಟಳೆಯನ್ನು ಅಚ್ಚನ್ ಅವರೇ ಮುರಿದಿದ್ದರು. ನಾನು ಎದ್ದು ನಿಂತೆ. ಸಿಟ್ಟು ಬಂದಿತ್ತು, ಅಳು ಬಂದಿತ್ತು. ಕುಡುಕರು ಕಲಿಸಿದ ಮಲಯಾಳದಲ್ಲಿ ಹೇಳಿಬಿಟ್ಟೆ: 'ಇವಳನ್ನು ಊರು ಬಿಡಿಸಿ ಕರೆತಂದೆ ಎಂದರು. ಇಲ್ಲಿ ಇವಳಿಗೆ ಮಾತಿಗೆ ಅಂತ ನಾನೊಬ್ಬನೇ ಇದ್ದೆ, ಸಂಜೆಯಾದರೆ ಆ ಒಬ್ಬನೂ ಇರುತ್ತಿರಲಿಲ್ಲ ಎಂದರು. ಇನ್ನು ಮೇಲೆ ಇರುತ್ತೇನೆ ಎಂದರು.'

ನಾನು ಕೆಮ್ಮಿಗಾಗಿ ಕಾದೆ. ಆ ಮೊದಲನೆಯವನ ಮುದಿತಾಯಿ ಕೆಮ್ಮಲಿಲ್ಲ, ತೊಟ್ಟಿದ್ದ ಬಿಳಿ ಕುಪ್ಪಸದ ತುದಿಯಿಂದ ಕಣ್ಣೊರೆಸಿಕೊಂಡಳು. ಇವರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತಿತ್ತು. ಅಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ಮನೆಗೆ ಹೋಗುವಾಗ ಗದ್ದೆಯ ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ಬಹಳ ದೂರ ನಡೆದು, ತಿರುಗದೆಯೇ ಕೇಳಿದರು, 'ಅಷ್ಟೂ ನಾನೇ ಯೋಳುದ್ನಾ?'

'ಹೂಂ' ಎಂದೆ.

'ನೀನು ಎಲ್ಲಾ ಸರ್ಯಾಗೇ ಯೋಳ್ದೆ' ಎಂದರು. ಇನ್ನಷ್ಟು ದೂರ ನಡೆದಮೇಲೆ, 'ಒಂದ ಬುಟ್ಬುಟ್ಟೆ.'

'ಯಾವ್ದು?'

'ಇನ್ನೊಂದಿನ ಯೋಳ್ತೀನಿ' ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ಈ ನೆಲಕ್ಕೆ ಬಂದಮೇಲೆ ನಾನು ಕೇಳಿರಲಿಲ್ಲ.

ಆಮೇಲೆ ಅವರು ಕುಡಿಯಲಿಲ್ಲ. ಸಂಜೆ ಮನೆಯಲ್ಲಿರುತ್ತಿದ್ದರು, ನಾನು ಅವರ ಬಾಯಲ್ಲಿ ಇಟ್ಟ ಮಾತನ್ನು ಉಳಿಸಿಕೊಂಡರು. ಭಾನುವಾರ ಕೊಟ್ಟಿಗೆಯಲ್ಲಿ ಕಾಫಿ ಕೊಡುತ್ತಿದ್ದರು. ತಿರುಗಿದವರಿಗೆ ಗೋಡೆ ಇಲ್ಲವಲ್ಲ, ಹಾಗಾಗಿ ಅವರ ಮಾತು ಮತ್ತೆ ನನಗೆ ಸಿಗಲಿಲ್ಲ. ಬಿಟ್ಟದ್ದು ಯಾವುದು ಎಂದು ನಾನು ಕೇಳುತ್ತಲೇ ಇದ್ದೆ, ಮುದ್ದೆ ಬಡಿಸುವಾಗ, ಮೆಣಸು ಒಣಗಿಸುವಾಗ, ಮುನಿಸಿಕೊಂಡಾಗ. ನೋಡಿ ನಗುತ್ತಿದ್ದರು. ಅವಸರವೇನು ಎಂಬಂಥ ನಗು. ಅವಸರ ನಮಗಿಬ್ಬರಿಗೂ ತಿಳಿಯಲಿಲ್ಲ. ಒಂದು ಮಳೆಗಾಲದ ಜ್ವರದಲ್ಲಿ ಅವರು ಹೋಗಿಬಿಟ್ಟರು.

ಈಗಲೂ ಅಕ್ಕಿ ಆರಿಸುತ್ತಾ ಕೂತಾಗ ಅದು ಏನಿದ್ದೀತು ಎಂದು ಯೋಚಿಸುತ್ತೇನೆ. ಎಷ್ಟೋ ಮಾತು ಹೊಳೆಯುತ್ತವೆ, ಒಂದಕ್ಕಿಂತ ಒಂದು ಚೆನ್ನಾಗಿರುತ್ತವೆ. ಆದರೆ ನನಗೆ ಹೊಳೆದದ್ದೆಲ್ಲ ನನ್ನ ಮಾತೇ. ನನಗೆ ಬೇಕಾದದ್ದು ಅವರದು.