ಮಗ್ಗದ ಕೋಣೆಗೆ ಎಸಿ ಹಾಕಿಸಿದ್ದು

ನಮ್ಮ ಮನೆಯವರ ಹೆಸರು ಆನಂದಕುಮಾರ್. ಹಿಂದೂಪುರದಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೂಲರ್ ಆನಂದ ಎಂದರೆ ಆಟೋದವರು ನೇರ ನಮ್ಮ ಬಾಗಿಲಿಗೇ ತಂದು ಇಳಿಸುತ್ತಾರೆ. ಈಗ ಎಸಿ, ಗೀಸರ್, ಮಾಳಿಗೆ ಮೇಲಿನ ಸೋಲಾರ್ ಎಲ್ಲಾ ರಿಪೇರಿ ಮಾಡುತ್ತಾರೆ, ಬಿರುದು ಮಾತ್ರ ಹಳೆಯದೇ ಉಳಿದಿದೆ. ಬೆಳಿಗ್ಗೆ ರೊದ್ದಂ ಕಡೆ ಹೋದರೆ ಸಂಜೆಗೆ ಇನ್ನೆಲ್ಲೋ. ಬೇಸಿಗೆ ಮುಗಿಯುವ ತನಕ ನನಗೆ ಗಂಡ ಅಂತ ಇರುವುದು ಫೋನಿನಲ್ಲಿ ಮಾತ್ರ.

ಮಾತು ಕಡಿಮೆ, ಕಿವಿ ಚುರುಕು. ಊಟಕ್ಕೆ ಕೂತಾಗ ಪಕ್ಕದ ಮನೆಯ ಕೂಲರ್ ಪಂಪು ಗೊರಗೊರ ಎಂದರೆ ತುತ್ತು ಕೈಯಲ್ಲೇ ನಿಂತುಬಿಡುತ್ತದೆ. ಮದುವೆಗೆ ಹೋದರೆ ಹೆಣ್ಣುಗಂಡನ್ನು ಬಿಟ್ಟು ಛತ್ರದ ಎಸಿಯನ್ನು ನೋಡುತ್ತಾ ನಿಲ್ಲುತ್ತಾರೆ. ಕರೆದುಕೊಂಡು ಹೋದ ನನಗೆ ನಾಚಿಕೆಯಾಗಬೇಕು.

ಇವರದು ನೇಯ್ಗೆಯ ಮನೆತನ. ನಮ್ಮ ಮಾವ ಶ್ರೀರಾಮುಲು ಇದ್ದಾಗ ಮನೆಯಲ್ಲಿ ಎರಡು ಮಗ್ಗ ಆಡುತ್ತಿದ್ದವು. ಅವರು ಹೋದ ಮೇಲೆ ಉಳಿದದ್ದು ಅತ್ತೆ ಬನಶಂಕರಿಯವರ ಗುಂಡಿಮಗ್ಗ ಒಂದೇ. ಅತ್ತೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡುತ್ತಲೇ ಇರಬೇಕು ಅನಿಸುತ್ತದೆ. ಕಲ್ಯಾಣದುರ್ಗದ ಹೊಲಮನೆಯಿಂದ ಬಂದ ನನಗೆ ಮಗ್ಗದ ಒಂದೊಂದು ಕೆಲಸವನ್ನೂ ಹೇಳಿಕೊಟ್ಟವರು ಅವರು. ಸ್ವಂತ ಮಗನಿಗೆ ಕಲಿಸಲು ಅವರಿಂದಲೂ ಆಗಲಿಲ್ಲ ಬಿಡಿ.

ಆ ಕೋಣೆಗೆ ತಗಡಿನ ಸೂರು. ಬೇಸಿಗೆಯಲ್ಲಿ ಒಳಗೆ ಬೆಂದುಹೋಗಬೇಕು. ಫ್ಯಾನು ಹಾಕಿದರೆ ಎಳೆಗಳು ಹಾರಾಡುತ್ತವೆ, ಕೂಲರಿನ ಗಾಳಿಯಂತೂ ಬೇಡವೇ ಬೇಡ. ಅತ್ತೆ ತಂಪಿಗೆಂದು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಗುಂಡಿಗೆ ನೀರು ಚಿಮುಕಿಸಿ, ಬೆವರು ಸೀರೆಯ ಮೇಲೆ ಬೀಳದಂತೆ ಹಣೆಗೆ ಬಟ್ಟೆ ಸುತ್ತಿಕೊಂಡು ನೇಯುತ್ತಿದ್ದರು. ಹೋದ ವರ್ಷ ಒಂದು ಮಧ್ಯಾಹ್ನ ತಲೆ ತಿರುಗಿ ಮಗ್ಗದ ಮೇಲೆಯೇ ಒರಗಿಬಿಟ್ಟರು. ಊರಿಗೆಲ್ಲ ತಂಪು ಮಾಡುವವನ ತಾಯಿ ಹೀಗಾದಳಲ್ಲ ಎಂದು ಇವರು ಆ ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಈ ವರ್ಷ ಬಿಸಿಲು ಏರುವ ಮೊದಲೇ ಎಸಿ ಬಂತು. ಗಾಳಿ ಎಳೆಗೆ ತಾಗದಂತೆ ಮೇಲಕ್ಕೆ ತಿರುಗಿಸಿ ಕೂರಿಸಿದರು. ಸೂರಿನ ಕೆಳಗೆ ಹಲಗೆ ಹೊಡೆದು ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿದರು. ಎಸಿ ಕೋಣೆಯಲ್ಲಿ ತೇವ ಇದ್ದರೆ ಮಷೀನಿಗೆ ಭಾರ ಎಂದು ಹೇಳಿ ಗೋಣಿಚೀಲ ತೆಗೆಸಿದರು, ನೀರು ಚಿಮುಕಿಸುವುದನ್ನೂ ಬಿಡಿಸಿದರು. ಎಸಿಯಿಂದ ಸುರಿಯುವ ನೀರಿಗೆ ಹೊರಗೊಂದು ಬಕೆಟ್ ಇಟ್ಟರು. ನಾನು ಅದನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆ. ಗಿಡವೂ ಚೆನ್ನಾಗಿ ಚಿಗುರಿತು, ಬೀದಿಯವರೆಲ್ಲ ಬಂದು ತಂಪಿನಲ್ಲಿ ಕೂತು ಅತ್ತೆಯ ಪುಣ್ಯವನ್ನು ಹೊಗಳಿದರು.

ಆಮೇಲೆ ಎಳೆ ಹರಿಯಲು ಶುರುವಾಯಿತು. ಮೊದಲು ಅಲ್ಲೊಂದು ಇಲ್ಲೊಂದು. ಬರಬರುತ್ತಾ ನೇಯುವುದಕ್ಕಿಂತ ಹರಿದ ಎಳೆಗೆ ಗಂಟು ಹಾಕುವುದೇ ಕೆಲಸವಾಯಿತು. ಅತ್ತೆಗೆ ಕಣ್ಣು ಮಂಜು, ಅದಕ್ಕೆ ಪಕ್ಕದಲ್ಲಿ ಕೂತು ನಾನೇ ಗಂಟು ಹಾಕುತ್ತಿದ್ದೆ. ಮಗ್ಗಕ್ಕೆ ಏರಿಸುವ ರೇಷ್ಮೆ ಎಳೆಗಳ ಹಾಸು ಕೊಡುವ ಸಾಹುಕಾರ ದಯಾನಂದ್ ಬಂದು ಸೀರೆಯ ಹಿಂಬದಿಗೆ ಅಂಗೈ ಆಡಿಸಿ ಗಂಟುಗಳನ್ನು ಮುಟ್ಟಿ ನೋಡಿದ. ಒಳ್ಳೆಯ ಮನುಷ್ಯ, ಜೋರು ಮಾಡಲಿಲ್ಲ. ಅಮ್ಮ ಇನ್ನು ವಿಶ್ರಾಂತಿ ತಗೊಳ್ಳಲಿ ಎಂದಷ್ಟೇ ಹೇಳಿ ಹೋದ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಆ ಸಂಜೆ ಅತ್ತೆ ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. "ನನ್ ಕೈ ಮುಗೀತು ಕಣಮ್ಮ ಪ್ರಮೀಳಾ. ಈ ಹಾಸು ಒಂದು ಮುಗಿಸ್ಬುಟ್ಟು ಮಗ್ಗ ಬಿಚ್ಸ್‌ಬುಡಾನ."

ಇವರಿಗೆ ಹೇಳಿದರೆ ಮುಖ ಸಣ್ಣಗಾಯಿತು. ತಮಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದರು. ಫಿಲ್ಟರ್ ತೊಳೆದು, ಅಮ್ಮನಿಗೆ ಆಯಾಸವಾಗದಿರಲಿ ಎಂದು ಎಸಿಯನ್ನು ಇನ್ನಷ್ಟು ತಂಪಿಗೆ ಇಟ್ಟರು. ಮಾರನೆಯ ದಿನ ಎಳೆ ಇನ್ನೂ ಜಾಸ್ತಿ ಹರಿಯಿತು.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಫೋನು. ಹಸುಗೂಸು ಎತ್ತಿಕೊಂಡು ತವರಿಗೆ ಬಂದಿದ್ದ ನನ್ನ ತಂಗಿ ಮೌನಿಕಾಳ ಕೋಣೆಯ ಎಸಿ ಕೆಟ್ಟಿತ್ತು, ಮಗು ಬಿಸಿಲಿಗೆ ಅತ್ತೂ ಅತ್ತೂ ಸುಸ್ತಾಗಿತ್ತು. ಅದರೊಳಗಿನ ಕೆಪಾಸಿಟರ್ ಎಂಬ ಸಣ್ಣ ಭಾಗ ಹೋಗಿರಬೇಕು ಎಂದು ಇವರು ಕೂತಲ್ಲೇ ಹೇಳಿದರು. ಅವತ್ತು ಭಾನುವಾರ, ಅಂಗಡಿ ಮುಚ್ಚಿತ್ತು. ನಮ್ಮ ಎಸಿಯದನ್ನೇ ಬಿಚ್ಚಿಕೊಂಡು ಹೋಗು, ನನಗೆ ಬಿಸಿಲು ಹೊಸದಾ ಎಂದು ಅತ್ತೆ ಗದರಿದರು. ಇವರು ಬಿಚ್ಚಿಕೊಂಡು ಹೊರಟರು.

ಎಸಿ ನಿಂತ ಕೋಣೆಯಲ್ಲಿ ಅತ್ತೆ ಹಳೆಯ ಗೋಣಿಚೀಲವನ್ನು ಹುಡುಕಿ ನೆನೆಸಿ ಕಟ್ಟಿದರು. ಗುಂಡಿಗೆ ನೀರು ಚಿಮುಕಿಸಿ ಕೂತರು. ನಾನೂ ಎಂದಿನಂತೆ ಪಕ್ಕದಲ್ಲಿ ಕೂತೆ. ಲಾಳಿ ಆಡುತ್ತಲೇ ಇತ್ತು. ನನಗೆ ತೂಕಡಿಕೆ ಬಂತು. ಎಚ್ಚರವಾದಾಗಲೂ ಲಾಳಿ ನಿಂತಿರಲಿಲ್ಲ. ಆಗ ಹೊಳೆಯಿತು, ಅಷ್ಟು ಹೊತ್ತು ನನಗೆ ಕೆಲಸವೇ ಇರಲಿಲ್ಲ. ಅತ್ತೆಗೆ ಹೇಳಲು ಧೈರ್ಯ ಬರಲಿಲ್ಲ, ಸುಮ್ಮನೆ ಆಸೆ ಹುಟ್ಟಿಸಿದಂತಾದರೆ ಎಂದು. ಹಿತ್ತಲಿಗೆ ಹೋಗಿ ಇವರಿಗೆ ಫೋನು ಮಾಡಿ, ಎಸಿ ಇಲ್ಲದಾಗ ಎಳೆ ಹರಿಯುತ್ತಿಲ್ಲ ಎಂದೆ.

ಗೋಣಿಚೀಲ ಕಟ್ಟಿದೀರಾ, ನೀರು ಚಿಮುಕಿಸಿದೀರಾ ಎಂದು ಕೇಳಿದರು. ಹೌದು ಎಂದೆ, "ಬತ್ತೀನಿ ಇರು" ಎಂದರು.

ಮಾರನೆಯ ದಿನ ಅಂಗಡಿ ತೆರೆದ ಕೂಡಲೇ ಹೊಸ ಕೆಪಾಸಿಟರ್ ತೆಗೆದುಕೊಂಡು ಬಂದು ಹಾಕಿದರು. ಗೋಣಿಚೀಲ ತೆಗೆದು, ಎಸಿ ಹಚ್ಚಿ, ಅಮ್ಮನ ಪಕ್ಕದಲ್ಲಿ ಕೂತರು. ಕೋಣೆ ತಣ್ಣಗಾಯಿತು. ನೆಲ ಒಣಗಿತು. ಆಮೇಲೆ ಒಂದು ಎಳೆ ಹರಿಯಿತು, ಅದರ ಹಿಂದೆಯೇ ಇನ್ನೊಂದು. ಅತ್ತೆ ಕೈ ಹಿಂದೆ ತೆಗೆದುಕೊಂಡರು. ಇವರು ಎದ್ದು ಹೊರಗೆ ಹೋಗಿ, ನಾನು ಗಿಡಕ್ಕೆ ಹಾಕುತ್ತಿದ್ದ ಆ ನೀರಿನ ಬಕೆಟ್ಟನ್ನು ತಂದು ಅತ್ತೆಯ ಮುಂದೆ ಇಟ್ಟರು.

"ನಿನ್ ಕೈ ಅಲ್ಲಮ್ಮ. ಈ ನೀರೆಲ್ಲಾ ಇದೇ ರೂಮ್ನಾಗೆ ಇದ್ದಿದ್ದು. ಎಸಿ ಎಳ್ಕೊಂಡ್ಬುಟ್ಟೈತೆ. ರೇಷ್ಮೆ ಒಣಗಿ ಕಡ್ಡಿ ಆಗೈತೆ. ತಪ್ಪು ನಂದು ಕಣಮ್ಮ."

ಅತ್ತೆ ಬಕೆಟ್ ನೋಡಿದರು, ಮಗನ ಮುಖ ನೋಡಿದರು. ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹಂಗಾದ್ರೆ ನನ್ ಕೈ ಹೋಗಿಲ್ವೇನಪ್ಪ?"

ಇವರು ಇಲ್ಲ ಎಂದು ತಲೆ ಆಡಿಸಿದರು. ನಾನು ಅತ್ತುಬಿಟ್ಟೆ. ಅತ್ತೆ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಮಗನಿಗೆ ಬೈಯಲು ಶುರು ಮಾಡಿದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಜೋರು ಮಾತು ಬಂತು. ಬೈಸಿಕೊಂಡವರೂ ನಗುತ್ತಿದ್ದರು.

ಎಸಿ ಈಗ ನಾವು ಮಲಗುವ ಕೋಣೆಗೆ ಬಂದಿದೆ, ಬೇಡ ಎನ್ನಲು ನನಗೇನೂ ಹುಚ್ಚಿಲ್ಲ. ಮಗ್ಗದ ಕೋಣೆಯ ತಗಡಿಗೆ ಇವರು ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದರು. ಕಿಟಕಿಯ ಹೊರಗೆ ಲಾವಂಚದ ಪರದೆ ಕಟ್ಟಿ, ಹಳೆಯ ಕೂಲರಿನಿಂದ ಬಿಚ್ಚಿದ ಪಂಪು ಇಟ್ಟರು. ಫ್ಯಾನಿಲ್ಲ, ನೀರು ಮಾತ್ರ ಪರದೆಯ ಮೇಲೆ ಸಣ್ಣಗೆ ಇಳಿಯುತ್ತಿರುತ್ತದೆ. ಎಸಿಯಷ್ಟು ತಂಪಿಲ್ಲ, ಆದರೆ ಅತ್ತೆಗೆ ತಲೆ ತಿರುಗುವುದಿಲ್ಲ, ಎಳೆಯೂ ಹರಿಯುವುದಿಲ್ಲ.

ಆ ಹಾಸಿನ ಕೊನೆಯ ಸೀರೆಯನ್ನು ಒಯ್ಯಲು ದಯಾನಂದ್ ಬಂದ. ಮಡಿಕೆ ಬಿಚ್ಚಿ ಹಿಂಬದಿಗೆ ಅಂಗೈ ಆಡಿಸಿದ. ಇನ್ನೊಮ್ಮೆ ಆಡಿಸಿದ. ಅವನು ತಲೆ ಎತ್ತುವುದಕ್ಕೆ ಮೊದಲೇ ಅತ್ತೆ ಕೇಳಿದರು, "ಮುಂದಿನ್ ಹಾಸು ಯಾವಾಗ್ ತತ್ತೀಯಪ್ಪ?"